ಬಳಕೆದಾರನ ಪೈಥಾನ್: ಅವಕಾಶವೂ ಅಂಕೆಯೂ

ಹೈದರಾಬಾದಿನ ಜೀಡಿಮೆಟ್ಲಾ ಔಷಧದ್ರವ್ಯಗಳ ಕಾರ್ಖಾನೆಗಳಿಗೆ ಹೆಸರಾದ ಕೈಗಾರಿಕಾ ಪ್ರದೇಶ. ಅಂತಹ ಕಾರ್ಖಾನೆಯೊಂದರಲ್ಲಿ ದ್ರವ್ಯಗಳ ತೂಕವನ್ನು ಲೆಕ್ಕ ಹಾಕಲು, ಪೈಥಾನ್ ಭಾಷೆಯಲ್ಲಿ, ಕಿಟಕಿ-ಗುಂಡಿಗಳುಳ್ಳ ತಂತ್ರಾಂಶವೊಂದನ್ನು ರಚಿಸಲಾಗಿದೆಯೆಂದು ಭಾವಿಸೋಣ. ದ್ರವ್ಯಕ್ಕೊಂದು ಸೂತ್ರ, ಎಲ್ಲವನ್ನೂ ರಚನಕಾರನು ಮೊದಲೇ ಊಹಿಸಿ ಬರೆದಿಡಲಾರನು. ಆದುದರಿಂದ ರಸಾಯನಜ್ಞನೇ ತನ್ನ ಸೂತ್ರವನ್ನು ಪೈಥಾನ್‌ನಲ್ಲಿ ಬರೆದು ನಡೆಸಲು ಕಿಟಕಿಯಲ್ಲಿ ಒಂದು ಚೌಕವನ್ನು ಬಿಡುವುದುಂಟು. ಅಲ್ಲಿ ಬರೆದುದಕ್ಕೆ ಎಷ್ಟು ಅಧಿಕಾರವಿರಬೇಕೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಬರಹರೂಪದ ಆದೇಶಗಳನ್ನು ನಡೆಸಲು ಪೈಥಾನ್‌ನಲ್ಲಿ ‘ಎಕ್ಸೆಕ್’ ಎಂಬ ಸಾಧನವಿದೆ. ಅದಕ್ಕೆ ಪ್ರತ್ಯೇಕವಾದೊಂದು ಹೆಸರುಪಟ್ಟಿಯನ್ನು ಒಪ್ಪಿಸಿದರೆ, ಬಳಕೆದಾರನು ಇಟ್ಟ ಹೆಸರುಗಳು ಅದರಲ್ಲಿಯೇ ಉಳಿದು ತಂತ್ರಾಂಶದ ಹೆಸರುಗಳೊಡನೆ ಬೆರೆಯುವುದಿಲ್ಲ. ಗ್ರಾಹಕನಿಗೆ ಬೇರೊಂದು ಖಾತೆ ತೆರೆದಂತೆ ಇದು.

ಖಾತೆ ಬೇರೆಯಾದರೂ ಗುಮಾಸ್ತನು ಒಬ್ಬನೇ. ಸೂತ್ರದಲ್ಲಿ ಮುಗಿಯದ ಆವರ್ತನವೊಂದು ಸೇರಿದರೆ ಕಿಟಕಿಯೂ ಸ್ತಬ್ಧವಾಗುತ್ತದೆ. ಕೆಲಸವನ್ನು ಇನ್ನೊಂದು ‘ಥ್ರೆಡ್’ಗೆ, ಎಂದರೆ ಅದೇ ಪ್ರಕ್ರಿಯೆಯೊಳಗಿನ ಇನ್ನೊಂದು ಎಳೆಗೆ, ವಹಿಸಿದರೆ ಕಿಟಕಿ ಬದುಕೀತು, ಆದರೆ ಹೊರಗಿನಿಂದ ಆ ಎಳೆಯನ್ನು ಬಲವಂತವಾಗಿ ನಿಲ್ಲಿಸುವ ಸಾಧನವನ್ನು ಪೈಥಾನ್ ಕೊಟ್ಟಿಲ್ಲ. ಪ್ರತ್ಯೇಕ ಪ್ರಕ್ರಿಯೆಯನ್ನಾದರೋ ಬೇಕೆಂದಾಗ ಕೊನೆಗಾಣಿಸಬಹುದು. ಪೈಥಾನ್‌ನೊಡನೆಯೇ ದೊರೆಯುವ ‘ಐಡಲ್’ ಇದಕ್ಕೆ ನಿದರ್ಶನ. ತಾನೂ ಪೈಥಾನ್‌ನಲ್ಲಿಯೇ ರಚಿತವಾದ ಈ ತಂತ್ರಾಂಶವು, 2003ರ 2.3ನೆಯ ಆವೃತ್ತಿಯಿಂದ ಮೊದಲ್ಗೊಂಡು, ಬಳಕೆದಾರನ ಆದೇಶಗಳನ್ನು ಬೇರೊಂದು ಪ್ರಕ್ರಿಯೆಯಲ್ಲಿ ನಡೆಸಿ ಫಲಿತಾಂಶವನ್ನು ಮಾತ್ರ ಕಿಟಕಿಗೆ ತರಿಸಿಕೊಳ್ಳುತ್ತದೆ.

ಇದರಿಂದ ಸ್ತಬ್ಧತೆ ತಪ್ಪಿತು, ಅಧಿಕಾರವು ಮೊಟಕಾಗಲಿಲ್ಲ. ಆ ಪ್ರಕ್ರಿಯೆಯೂ ಗಣಕದ ಕಡತಗಳನ್ನು ಅಳಿಸಬಲ್ಲುದು. ಹೆಸರುಪಟ್ಟಿಯಿಂದ ಅಪಾಯದ ಹೆಸರುಗಳನ್ನು ತೆಗೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಪೈಥಾನ್‌ನಲ್ಲಿ ಪ್ರತಿಯೊಂದು ವಸ್ತುವೂ ತನ್ನ ವರ್ಗವನ್ನು ಬಲ್ಲುದು; ವರ್ಗವು ತನ್ನ ಮೂಲವರ್ಗವನ್ನು ಬಲ್ಲುದು. ಈ ವಂಶಾವಳಿಯನ್ನು ಹಿಡಿದು ಹತ್ತಿ ಇಳಿದರೆ, ಮುಚ್ಚಿದ ಬಾಗಿಲಿಗೆ ಬೇರೊಂದು ದಾರಿ ದೊರೆಯುತ್ತದೆ. ಇಂತಹ ನಿರ್ಬಂಧಕ್ಕಾಗಿಯೇ ಇದ್ದ ‘ಆರ್‌ಎಕ್ಸೆಕ್’ ಎಂಬ ಭಾಗವನ್ನು ಸುರಕ್ಷಿತವಲ್ಲವೆಂದು 2003ರಲ್ಲಿ ನಿಷ್ಕ್ರಿಯಗೊಳಿಸಿ, 2008ರ 3.0ನೆಯ ಆವೃತ್ತಿಯಲ್ಲಿ ತೆಗೆದೇಹಾಕಲಾಯಿತು.

ಆದುದರಿಂದ ಬೇಲಿಯನ್ನು ಭಾಷೆಯ ಹೊರಗೆ ಕಟ್ಟಬೇಕು. ಸೂತ್ರ ಬರೆಯುವವನು ತನ್ನದೇ ಗಣಕದಲ್ಲಿ ಕುಳಿತ ನಂಬಿಕೆಯ ರಸಾಯನಜ್ಞನಾದರೆ ಪ್ರತ್ಯೇಕ ಪ್ರಕ್ರಿಯೆ ಸಾಕು. ಸೂತ್ರವು ಅಪರಿಚಿತರಿಂದ ಬರುವುದಾದರೆ, ಕಡತಗಳನ್ನೂ ಜಾಲವನ್ನೂ ಮುಟ್ಟಲಾರದಂತೆ ಕಾರ್ಯಾಚರಣ ವ್ಯವಸ್ಥೆಯೇ ಆ ಪ್ರಕ್ರಿಯೆಯನ್ನು ಕಟ್ಟಿಹಾಕಬೇಕು. ಬರಿಯ ಅಂಕಗಣಿತವೇ ಬೇಕಾದಲ್ಲಿ ಎಕ್ಸೆಕ್ ಅನಾವಶ್ಯಕ: ‘ಎಎಸ್‌ಟಿ’ ಎಂಬ ಭಾಗದಿಂದ ಸೂತ್ರವನ್ನು ಪದವಿಭಾಗ ಮಾಡಿ, ಸಂಖ್ಯೆಗಳನ್ನೂ ಗೊತ್ತಾದ ಹೆಸರುಗಳನ್ನೂ ಕೂಡು-ಕಳೆ-ಗುಣಿಸು-ಭಾಗಿಸುಗಳನ್ನೂ ಮಾತ್ರ ಅಂಗೀಕರಿಸಿ, ಉಳಿದುದನ್ನು ತಿರಸ್ಕರಿಸಬಹುದು.

ಇಷ್ಟಾದರೂ ದಶಮಾಂಶ ಬಿಂದುವೊಂದು ಸ್ಥಾನ ತಪ್ಪಿದ ಸೂತ್ರವನ್ನು ಯಾವ ಬೇಲಿಯೂ ತಡೆಯಲಾರದು. ಔಷಧದಲ್ಲಿ ಅದು ರೋಗಿಯ ಪ್ರಾಣದ ಮಾತು. ಬರೆದ ಸೂತ್ರವನ್ನೂ ಬರೆದವನ ಹೆಸರನ್ನೂ ಬಂದ ಉತ್ತರವನ್ನೂ ಒಟ್ಟಿಗೆ ದಾಖಲಿಸಿಟ್ಟು, ದ್ರವ್ಯವನ್ನು ತೂಗುವ ಮುನ್ನ ಎರಡನೆಯವನೊಬ್ಬನು ಪರಿಶೀಲಿಸಿ ರುಜು ಹಾಕುವ ಏರ್ಪಾಡು ಅದಕ್ಕೆ ಬೇಕು.