ಐವಿಎಫ್‌ಗೆ ಮುನ್ನ ಹಳೇ ಹೊಲಿಗೆ ನೋಡಿಸಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆಗೆ ಹರಕೆ ಹೊರುವವರೆಂದರೆ ಮಕ್ಕಳೇ ಆಗದವರು ಎಂಬುದು ಊರಿನವರ ಲೆಕ್ಕ. ಒಂದು ಮಗುವಾಗಿ ಎರಡನೆಯದು ನಿಲ್ಲದವರ ಸಂಕಟ ಆ ಲೆಕ್ಕಕ್ಕೆ ಸಿಗುವುದಿಲ್ಲ. ‘ಒಂದಿದೆಯಲ್ಲ, ಇನ್ನೊಂದು ತಾನಾಗೇ ಆಗುತ್ತೆ ಬಿಡಮ್ಮ’ ಎಂಬ ಸಮಾಧಾನದಲ್ಲೇ ವರ್ಷಗಳು ಉರುಳುತ್ತವೆ.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಈ ಸಮಾಧಾನ ಸಾಲದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015–16ರಲ್ಲಿ ಶೇ 23.6 ಇದ್ದದ್ದು 2019–21ರ ವೇಳೆಗೆ ಶೇ 31.5ಕ್ಕೆ ಏರಿತ್ತು.

ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದು ಹಾಕಿದ ಹೊಲಿಗೆ ಹಲವರಲ್ಲಿ ಸರಿಯಾಗಿಯೇ ಕೂಡಿಕೊಳ್ಳುತ್ತದೆ. ಇನ್ನು ಹಲವರಲ್ಲಿ ಒಳಗೋಡೆಯಲ್ಲಿ ಸಣ್ಣ ಗುಳಿ ಉಳಿಯುತ್ತದೆ. ವೈದ್ಯರು ಇದನ್ನು ಇಸ್ತ್‌ಮೋಸೀಲ್ ಎನ್ನುತ್ತಾರೆ. ಮುಟ್ಟಿನ ರಕ್ತ ಅಲ್ಲಿ ನಿಂತು, ಮುಟ್ಟು ಮುಗಿದ ಮೇಲೂ ಕೆಲವು ದಿನ ಕಂದು ಕಲೆ ಕಾಣಿಸಿಕೊಳ್ಳಬಹುದು. ಅದೇ ದ್ರವ ಮೇಲಕ್ಕೆ ಹರಿದು ಗರ್ಭಕೋಶದೊಳಗೆ ಸೇರಿದರೆ, ಐವಿಎಫ್‌ನಲ್ಲಿ ಬಿಟ್ಟ ಭ್ರೂಣ ಕಚ್ಚಿಕೊಳ್ಳುವುದು ಕಷ್ಟ. ನೆದರ್ಲೆಂಡ್ಸ್‌ನಲ್ಲಿ ಐವಿಎಫ್ ಮಾಡಿಸಿಕೊಂಡವರ ಕುರಿತ 2020ರ ಅಧ್ಯಯನವೊಂದರಲ್ಲಿ, ಮೊದಲು ಸಹಜ ಹೆರಿಗೆಯಾಗಿದ್ದವರಲ್ಲಿ ಶೇ 23.3 ಮಂದಿಗೆ ಮಗುವಾದರೆ, ಸಿಸೇರಿಯನ್ ಆದವರಲ್ಲಿ ಅದು ಶೇ 15.9.

ಹಾಗೆಂದು ಗುಳಿ ಇರುವವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕಿಲ್ಲ. ಮುಟ್ಟು ಮುಗಿದ ಮೇಲೆ ಯೋನಿ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಗುಳಿಯ ಆಳ, ಗೋಡೆಯ ದಪ್ಪ ಗೊತ್ತಾಗುತ್ತದೆ. ದ್ರವ ಕಂಡರೆ ಭ್ರೂಣವನ್ನು ಶೈತ್ಯದಲ್ಲಿಟ್ಟು ಮುಂದಿನ ತಿಂಗಳಿಗೆ ಕಾಯುವುದುಂಟು. ತೊಂದರೆ ಮುಂದುವರಿದರೆ ಮಾತ್ರ ದುರಸ್ತಿಯ ಮಾತು. ಅವಳಿಯಾದರೆ ಹಳೇ ಹೊಲಿಗೆಯ ಮೇಲೆ ಒತ್ತಡ ಬೀಳುವುದರಿಂದ ಒಂದೇ ಭ್ರೂಣ ಬಿಡುವುದು ಕ್ಷೇಮ. ಗರ್ಭ ನಿಂತರೆ ಆರೇಳು ವಾರಕ್ಕೇ ಸ್ಕ್ಯಾನ್ ಆಗಬೇಕು. ಭ್ರೂಣ ಹೊಲಿಗೆಯ ಜಾಗದಲ್ಲೇ ಕೂತಿದ್ದರೆ ತಾಯಿಯ ಜೀವಕ್ಕೇ ಅಪಾಯ.

ಎಲ್ಲವನ್ನೂ ಹೊಲಿಗೆಯ ತಲೆಗೆ ಕಟ್ಟುವುದೂ ತಪ್ಪು. ಹೆಂಡತಿಯ ವಯಸ್ಸು, ಥೈರಾಯ್ಡ್, ಗಂಡನ ವೀರ್ಯಾಣು ಯಾವುದೂ ಮೊದಲ ಮಗುವಿನ ಕಾಲದಲ್ಲಿದ್ದಂತೆಯೇ ಇರಬೇಕೆಂದಿಲ್ಲ. ‘ಒಂದಾಗಿದೆಯಲ್ಲ, ನನಗ್ಯಾಕೆ ಟೆಸ್ಟು’ ಎನ್ನುವ ಗಂಡಸರಿಂದ ಹಾಳಾಗುವ ಸಮಯವೂ ಕಡಿಮೆಯಲ್ಲ.

ದೇವನಹಳ್ಳಿಯಿಂದಲೋ ನೆಲಮಂಗಲದಿಂದಲೋ ಬೆಂಗಳೂರಿನ ಐವಿಎಫ್ ಕೇಂದ್ರಕ್ಕೆ ಬಸ್ ಹತ್ತುವ ಮುನ್ನ ತಾಯಿ ಕಾರ್ಡ್ ಜೊತೆ ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮರಿಯನ್ನೂ ಹುಡುಕಿಟ್ಟುಕೊಳ್ಳಿ. ಎಲ್ಲಿ ಕೊಯ್ದರು, ನೋವು ಎಷ್ಟು ಮುಂದುವರಿದ ಮೇಲೆ ಕೊಯ್ದರು, ಸೋಂಕಾಗಿತ್ತೇ ಎಂಬುದು ಅದರಲ್ಲಿರುತ್ತದೆ. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟ್ರೇ, ನನ್ನ ಹಳೇ ಹೊಲಿಗೆ ಈಗ ಹೇಗಿದೆ?’