ಹೊಸ ಲ್ಯಾಪ್‌ಟಾಪ್ ತಂದ ದಿನವೇ ಈ ಎರಡು ಕೆಲಸ ಮಾಡಿ

ಅಡಿಕೆ ಮಾರಾಟ, ಕೂಲಿ ಲೆಕ್ಕ ಇಡೋಕೆ ಅಂತ ಲ್ಯಾಪ್‌ಟಾಪ್ ತಗೊಂಡಿದ್ದೆ. ಏಪ್ರಿಲ್‌ನ ಒಂದು ಸಂಜೆ ಗುಡುಗು ಶುರುವಾಯ್ತು. ಸ್ವಿಚ್ ಆಫ್ ಮಾಡಿದೆ, ಪ್ಲಗ್ ಕೀಳಲಿಲ್ಲ. ಸಿಡಿಲಿನ ಕರೆಂಟಿಗೆ ಸ್ವಿಚ್ಚು ಯಾವ ಲೆಕ್ಕ? ಚಾರ್ಜರ್ ಜೊತೆ ಮದರ್‌ಬೋರ್ಡೂ ಸುಟ್ಟಿತು.

ಬೋರ್ಡ್ ಬದಲಾಯಿಸಿದ ಮೇಲೆ ಪರದೆಯಲ್ಲಿ 48 ಅಂಕಿಯ ಕೀಲಿ ಕೇಳಿತು. ವಿಂಡೋಸ್ 11 ಇರುವ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳು ಡಿಸ್ಕಿಗೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಕಳ್ಳತನವಾದರೆ ಇದು ಒಳ್ಳೇದೇ. ಕೀಲಿ ಮಾತ್ರ ಮೊದಲ ದಿನ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತೆ. ನನ್ನದನ್ನು ಅಂಗಡಿ ಹುಡುಗ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದ; ಪಾಸ್‌ವರ್ಡ್ ಅವನಿಗೇ ನೆನಪಿಲ್ಲ! ಎಂಟು ತಿಂಗಳ ಲೆಕ್ಕ ಹೋಯ್ತು.

ಹಾಗಾಗಿ ಸೆಟಪ್ ನೀವೇ ಮಾಡಿ, ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್ ಕೊಟ್ಟು. ಆಮೇಲೆ ಮೊಬೈಲ್‌ನಲ್ಲೇ ಆ ಖಾತೆಗೆ ಲಾಗಿನ್ ಆಗಿ, ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಕೆಳಗೆ ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಕಾಗದದ ಮೇಲೆ ಬರೆದಿಡಿ. ನಾನೀಗ ಪಹಣಿ ಫೈಲಿನಲ್ಲಿ ಇಟ್ಟಿದ್ದೀನಿ. ಬರೆದ ಚೀಟಿಯನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡಿ ಮತ್ತೆ.

ಇನ್ನು ಕರೆಂಟ್ ವಿಷಯ. ಚಾರ್ಜರ್ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಅಂತ ಬರೆದಿರುತ್ತೆ. ವೋಲ್ಟೇಜ್ ಇಳಿದರೆ ತಡೆದುಕೊಳ್ಳುತ್ತೆ, ವಿಪರೀತ ಏರಿದರೆ ಕಷ್ಟ. ಪಂಪ್‌ಸೆಟ್ ಮನೆಯ ಬೋರ್ಡಿಗೆ ಚಾರ್ಜರ್ ಹಾಕಬೇಡಿ. ಮೋಡ ಕಟ್ಟಿದಾಗಲೇ, ಗುಡುಗು ಹತ್ತಿರ ಬರೋ ಮೊದಲೇ, ಪ್ಲಗ್ ಕಿತ್ತುಬಿಡಿ. ಬ್ಯಾಟರಿ ಇರೋದೇ ಅದಕ್ಕೆ.

ವಾರಕ್ಕೊಮ್ಮೆ ಲೆಕ್ಕದ ಫೈಲನ್ನು ಪೆನ್‌ಡ್ರೈವ್‌ಗೂ ಕಾಪಿ ಮಾಡಿ. ನಾನು ಸಂತೆ ದಿನ ಮಾಡ್ತೀನಿ, ಮರೆಯೋದಿಲ್ಲ.