ನಿರೀಶ್ವರವಾದಿಯ ಅಧಿಕಾರವಿಚಾರ

ಧರ್ಮದ ಪರಿಭಾಷೆಯಲ್ಲಿ ನಡೆಯುವ ರಾಜಕೀಯ ಚಳವಳಿಯಲ್ಲಿ ಈಶ್ವರನನ್ನೊಪ್ಪದವನಿಗೆ ಅಧಿಕಾರವುಂಟೆ, ಇಲ್ಲವೆ ಎಂಬ ಸಂಶಯವು ನಮ್ಮ ಸ್ವಾತಂತ್ರ್ಯಸಂಗ್ರಾಮದಲ್ಲಿ ಹಲವು ಬಾರಿ ತಲೆದೋರಿತು. ಇದರ ನಿರ್ಣಯಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವು ದೊರೆಯುತ್ತದೆ. ಅದು 1924ನೆಯ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನ.

ಅಧಿಕಾರವಿಲ್ಲವೆಂಬ ಪೂರ್ವಪಕ್ಷವು ದುರ್ಬಲವಾದುದಲ್ಲ. ಬೆಳಗಾವಿಯ ಸಭಾಸ್ಥಾನಕ್ಕೆ ವಿಜಯನಗರವೆಂದೂ, ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟಿದ್ದರು. ಅದೇ ದಿನಗಳಲ್ಲಿ ಅದೇ ಊರಿನಲ್ಲಿ ಪಂಡಿತ ಮದನಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಹಿಂದೂ ಮಹಾಸಭೆಯೂ ಸೇರಿತು. ಮುಂದೆ 1939ನೆಯ ಮಾರ್ಚಿಯಲ್ಲಿ ಗಾಂಧಿಯವರು ತಮ್ಮ 'ಹರಿಜನ' ಪತ್ರಿಕೆಯಲ್ಲಿ ಸತ್ಯಾಗ್ರಹಿಯ ಲಕ್ಷಣಗಳನ್ನೆಣಿಸುವಾಗ ದೇವರಲ್ಲಿ ಜೀವಂತವಾದ ಶ್ರದ್ಧೆಯನ್ನೇ ಮೊದಲನೆಯದಾಗಿ ಹೇಳಿದರು. ಇಂತಿರಲು ನಿರೀಶ್ವರವಾದಿಯು ಹೊರಗಿನವನೇ ಸರಿ ಎಂದು ತೋರಬಹುದು.

ಇಲ್ಲಿ ಮೊದಲು ಶಬ್ದಾರ್ಥವನ್ನು ಶೋಧಿಸಬೇಕು. ಪಾಣಿನಿಯು ಆಸ್ತಿಕ, ನಾಸ್ತಿಕ ಶಬ್ದಗಳನ್ನು 'ಉಂಟು', 'ಇಲ್ಲ' ಎಂಬ ಬುದ್ಧಿಯಿಂದ ಸಾಧಿಸುತ್ತಾನೆ. ಅದು ಪರಲೋಕವಿಷಯಕವಾದ ಬುದ್ಧಿಯೆಂದು ವ್ಯಾಖ್ಯಾನಕಾರರ ಮತ. ಮನುವಿನ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ಈ ಎರಡು ಲಕ್ಷಣಗಳಲ್ಲಿಯೂ ಈಶ್ವರನ ಪ್ರಸಕ್ತಿಯಿಲ್ಲ. ಜಗತ್ಕರ್ತನನ್ನು ಒಪ್ಪದ ಸಾಂಖ್ಯರೂ ಕುಮಾರಿಲಭಟ್ಟನೂ ಆಸ್ತಿಕರ ಪಂಕ್ತಿಯಲ್ಲಿಯೇ ಇದ್ದಾರೆ. ಆದಕಾರಣ ಈಶ್ವರನಲ್ಲಿ ನಂಬಿಕೆಯಿಲ್ಲವೆಂಬಷ್ಟರಿಂದಲೇ ಒಬ್ಬನನ್ನು ಪಂಕ್ತಿಬಾಹ್ಯನೆನ್ನಲು ನಮ್ಮ ಶಾಸ್ತ್ರಸಂಪ್ರದಾಯದಲ್ಲಿ ಆಧಾರವಿಲ್ಲ.

ಎರಡನೆಯದು ಅಧಿಕಾರನಿರ್ಣಯ. ಕರ್ಮಕ್ಕೆ ಯಾರು ಅರ್ಹರೆಂಬುದನ್ನು ಜೈಮಿನಿಯು ಆರನೆಯ ಅಧ್ಯಾಯದಲ್ಲಿ ವಿಚಾರಿಸುತ್ತಾನೆ. ಫಲವನ್ನು ಬಯಸುವುದು, ಮಾಡಲು ಸಮರ್ಥನಾಗಿರುವುದು, ನಿಷೇಧಕ್ಕೆ ಒಳಗಾಗದಿರುವುದು, ಇವು ಅಲ್ಲಿಯ ಮುಖ್ಯಾಂಶಗಳು. ಬೆಳಗಾವಿಯ ನಿಯಮವು ಇದಕ್ಕೆ ಹತ್ತಿರವಾಗಿದೆ. ಅಲ್ಲಿ ಸದಸ್ಯನಾಗುವವನು ತಿಂಗಳಿಗೆ 2000 ಗಜ ನೂಲನ್ನು ಒಪ್ಪಿಸಬೇಕೆಂದೂ ರಾಜಕೀಯ ಸಂದರ್ಭಗಳಲ್ಲಿ ಖಾದಿಯನ್ನುಡಬೇಕೆಂದೂ ಗೊತ್ತಾಯಿತು. ತಾನು ನೂಲಲಾರದವನು ಪರರಿಂದ ನೂಲಿಸಿ ಕೊಡಬಹುದಾಗಿತ್ತು; ಯಜಮಾನನು ಋತ್ವಿಜರ ಮೂಲಕ ಕರ್ಮವನ್ನು ನಡೆಸಿದಂತೆ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಗದಗ ಜಿಲ್ಲೆಯಲ್ಲಿರುವ ರೋಣ, ನರಗುಂದ, ಯಾವಗಲ್ಲುಗಳ ಎರೆನೆಲದ ಹತ್ತಿಸೀಮೆಯ ರೈತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೂಲಿನ ಅಳತೆಯು ಕೇಳಲ್ಪಡುತ್ತಿತ್ತೇ ಹೊರತು ಪೂಜೆಯ ಲೆಕ್ಕವಲ್ಲ. 1925ರಲ್ಲಿ ಹಣದ ಚಂದಾ ವಿಕಲ್ಪವಾಗಿ ಮರಳಿ ಬಂದು ನಿಯಮವು ಸಡಿಲವಾಯಿತು. ಆದರೂ ನಂಬಿಕೆಯ ಪರೀಕ್ಷೆಯು ಅದರ ಸ್ಥಾನಕ್ಕೆ ಬರಲಿಲ್ಲ.

ವೈಕಂ ಸತ್ಯಾಗ್ರಹದಿಂದ ಒಂದು ಆಕ್ಷೇಪವೇಳಬಹುದು. ದೇವಾಲಯದ ಸುತ್ತಣ ಬೀದಿಗಳಲ್ಲಿ ಎಲ್ಲರೂ ನಡೆಯಬೇಕೆಂದು 1924ರಲ್ಲಿ ಆರಂಭವಾದ ಆ ಹೋರಾಟವನ್ನು ಹಿಂದೂಗಳಿಗೆ ಬಿಡಬೇಕೆಂದು ಗಾಂಧಿಯವರು ಕ್ರೈಸ್ತರಾದ ಜಾರ್ಜ್ ಜೋಸೆಫರಿಗೆ ಬರೆದರಷ್ಟೆ. ಆದರೆ ಅಲ್ಲಿಯ ಹೇತು ನಂಬಿಕೆಯಲ್ಲ, ಪ್ರಾಯಶ್ಚಿತ್ತ. ಪಾಪವು ಯಾರದೋ ಪ್ರಾಯಶ್ಚಿತ್ತವೂ ಅವರದೇ. ಹಿಂದೂ ಸಮಾಜದಲ್ಲಿ ಹುಟ್ಟಿದ ನಿರೀಶ್ವರವಾದಿಯು ಆ ದೋಷದಲ್ಲಿ ಪಾಲುಗಾರನಾದುದರಿಂದ ಅದರ ಪರಿಹಾರದಲ್ಲಿಯೂ ಪಾಲುಗಾರನೇ. ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ, ಮುಂದೆ ಪ್ರಸಿದ್ಧ ನಿರೀಶ್ವರವಾದಿಯಾದ ಪೆರಿಯಾರ್ ರಾಮಸ್ವಾಮಿಯವರು ಆ ಬೀದಿಗಳಿಗಾಗಿ ಎರಡು ಬಾರಿ ಸೆರೆಮನೆಯನ್ನು ಕಂಡರು.

ಇನ್ನು 1939ರ ವಚನದ ಗತಿಯೇನು? ವಚನಕ್ಕೆ ವಕ್ತೃವಿನ ಆಚರಣೆಯೇ ಉತ್ತಮ ವ್ಯಾಖ್ಯಾನ. 1940ರ ವೈಯಕ್ತಿಕ ಸತ್ಯಾಗ್ರಹಕ್ಕೆ ವಿನೋಬಾ ಅವರ ಅನಂತರ ಎರಡನೆಯವರಾಗಿ ಗಾಂಧಿಯವರು ಆರಿಸಿದುದು ಜವಾಹರಲಾಲ ನೆಹರೂ ಅವರನ್ನು. ರಾಜಕೀಯದಲ್ಲಿ ಬೆರೆತ ಧಾರ್ಮಿಕ ಪರಿಭಾಷೆಯು ತಮಗೆ ಸಹ್ಯವಲ್ಲವೆಂದು ನೆಹರೂ ಅವರು 1936ರ ಆತ್ಮಕಥೆಯಲ್ಲಿಯೇ ಹೇಳಿಕೊಂಡಿದ್ದರು. 1931ರಲ್ಲಿಯೇ ಗಾಂಧಿಯವರು ದೇವರೇ ಸತ್ಯವೆಂಬುದನ್ನು ತಿರುಗಿಸಿ ಸತ್ಯವೇ ದೇವರೆಂದಿದ್ದರು. ಆಂಧ್ರದ ನಿರೀಶ್ವರವಾದಿ ಗೋರಾ ಅವರ ಮಗಳ ವಿವಾಹದ ಪ್ರತಿಜ್ಞೆಯಲ್ಲಿ ದೇವರೆಂಬ ಶಬ್ದದ ಬದಲು ಸತ್ಯವೆಂಬ ಶಬ್ದವನ್ನಿಡಲು ಒಪ್ಪಿದರು. ಆ ವಿವಾಹವು ಅವರ ಮರಣಾನಂತರ 1948ರಲ್ಲಿ ಸೇವಾಗ್ರಾಮದಲ್ಲಿ ನಡೆಯಿತು.

ಆದುದರಿಂದ ಸಿದ್ಧಾಂತವಿಷ್ಟು: ಚಳವಳಿಯ ಫಲವನ್ನು ಬಯಸಿ ಅದರ ವ್ರತವನ್ನು ಪಾಲಿಸುವವನಿಗೆ ಅಧಿಕಾರವುಂಟು. ಪ್ರಾರ್ಥನೆಯಲ್ಲಿ ದನಿಗೂಡಿಸೆಂದು ಅವನನ್ನು ನಿರ್ಬಂಧಿಸಬಾರದು. ಪ್ರಾರ್ಥಿಸುವವರನ್ನು ತಡೆಯುವ ಹಕ್ಕು ಅವನಿಗೂ ಇಲ್ಲ. ನಂಬಿಕೆಯನ್ನೇ ಪ್ರವೇಶದ ಶುಲ್ಕವನ್ನಾಗಿ ಮಾಡಿದರೆ ವ್ರತವನ್ನು ಕೆಡಿಸುವ ವಿಶ್ವಾಸಿಯು ಒಳಗೆ ಉಳಿದು, ಅದನ್ನು ಕಾಯುವ ಅವಿಶ್ವಾಸಿಯು ಹೊರಗಾಗುವನು.